ಮೂವರ ಫೋಟೊಗೆ ನಾಲ್ಕನೆಯವನು

ಫೋಟೊಗ್ರಾಫರನಿಗೆ ಸ್ವಂತ ಶೈಲಿ ಎಂಬುದೊಂದು ಇರಬೇಕು ಎನ್ನುವ ವಿಷಯ ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಷ್ಟು ಕಾಲ ಸುಖವಾಗಿದ್ದೆ. ನೆಲಮಂಗಲದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮೊದಲನೇ ಮಹಡಿಯಲ್ಲಿ, ಅಪ್ಪನ ಕಾಲದಿಂದ ನಡೆದುಬಂದ ಸ್ಟುಡಿಯೊ ನನ್ನದು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸುವುದು, ಗದ್ದ ಸ್ವಲ್ಪ ಕೆಳಗೆ ಮಾಡಿಸುವುದು, ಗುಂಡಿ ಒತ್ತುವುದು. ಅಲ್ಲಿಗೆ ನನ್ನ ಕಲೆ ಮುಗಿಯಿತು. ನಿಮ್ಮ ಶೈಲಿ ಯಾವುದು ಎಂದು ಯಾರೂ ಕೇಳಿರಲಿಲ್ಲ. ಸಂಜೆಯೊಳಗೆ ಸಿಗುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು.

ಅಂಥ ನಾನು ಒಂದು ಭಾನುವಾರ ಬೆಂಗಳೂರಿನಲ್ಲಿ ನಡೆದ ಛಾಯಾಗ್ರಹಣ ಶಿಬಿರಕ್ಕೆ ಹೋದೆ. ಮಧ್ಯಾಹ್ನ ಊಟವೂ ಇದೆ ಎಂದಿದ್ದರು. ಅಲ್ಲಿ ಗಡ್ಡ ಬಿಟ್ಟ ಗುರುಗಳೊಬ್ಬರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ತೆರೆದು, "ಫೋಟೊದ ಕೆಳಗಿನ ನಿಮ್ಮ ಹೆಸರು ಅಳಿಸಿದರೆ, ಇದು ಇಂಥವರೇ ತೆಗೆದದ್ದು ಎಂದು ಯಾರಾದರೂ ಹೇಳಬಲ್ಲರೇ? ಇಲ್ಲವಾದರೆ ನೀವು ಬರೀ ಗುಂಡಿ ಒತ್ತುವವರು!" ಎಂದರು. ಕೊನೆಯ ಮಾತು ಹೇಳುವಾಗ ಯಾಕೋ ನನ್ನನ್ನೇ ನೋಡಿದರು.

ನಾನು ಗಂಭೀರವಾಗಿ ಯೋಚಿಸಿದೆ. ನಾನು ತೆಗೆದ ಫೋಟೊಗಳನ್ನು ನಮ್ಮ ತಾಲ್ಲೂಕಿನಲ್ಲಿ ಯಾರು ಬೇಕಾದರೂ ಗುರುತು ಹಿಡಿಯಬಲ್ಲರು. ಆದರೆ ಅದಕ್ಕೆ ಕಾರಣ ನಾನಲ್ಲ, ಗೊಂಬೆ.

ಗೊಂಬೆಯ ವಿಷಯ ಹೇಳಿಬಿಡಬೇಕು. ಮೂರು ಜನ ಸೇರಿ ಫೋಟೊ ತೆಗೆಸಿಕೊಳ್ಳಬಾರದು ಎಂಬುದು ನಮ್ಮ ಕಡೆ ಗಟ್ಟಿ ನಂಬಿಕೆ. ಗಂಡ, ಹೆಂಡತಿ, ಒಂದು ಮಗು ಬಂದು ನಿಂತರೆ ಸ್ಟುಡಿಯೊದವನು ಏನು ಮಾಡಬೇಕು? ಇನ್ನೊಂದು ಮಗು ಆದಮೇಲೆ ಬನ್ನಿ ಎಂದು ಕಳಿಸಲಾಗುತ್ತದೆಯೇ? ಅದಕ್ಕಾಗಿ ಅಪ್ಪ ಎರಡು ವರ್ಷದ ಮಗುವಿನ ಅಳತೆಯ ಪ್ಲಾಸ್ಟಿಕ್ ಗೊಂಬೆಯೊಂದನ್ನು ತಂದಿಟ್ಟಿದ್ದರು. ಗುಲಾಬಿ ಫ್ರಾಕು, ನೀಲಿ ಕಣ್ಣು, ಅದರಲ್ಲಿ ಒಂದು ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಮೂವರು ಬಂದರೆ ಗೊಂಬೆ ನಾಲ್ಕನೆಯದು. ಯಾಕೆಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದೇ ಮಗು ಇರುವ ಮನೆಗಳ ಗೋಡೆಯ ಮೇಲೆಲ್ಲ ಆ ಗೊಂಬೆ ಕೂತಿದೆ. ಹೊರಗಿನವರು ನೋಡಿದರೆ, ಇಡೀ ತಾಲ್ಲೂಕು ಸೇರಿ ಒಬ್ಬಳೇ ಮಗಳನ್ನು ಸಾಕುತ್ತಿದೆ ಎಂದುಕೊಳ್ಳಬೇಕು!

ಗುರುಗಳು ಊಟದ ನಂತರ ಇನ್ನೂ ಮುಂದೆ ಹೋದರು. "ಮೂರು ಎಂಬುದು ಚಿತ್ರದ ಪ್ರಾಣ. ಮೂವರನ್ನು ತ್ರಿಕೋನದಲ್ಲಿ ಕೂರಿಸಿ. ನಡುವಿನವರ ಮೇಲೆ ಬೆಳಕು ಬೀಳಲಿ. ಸುತ್ತ ಖಾಲಿ ಇರಲಿ" ಎಂದರು. ಹೋಳಿಗೆ ಊಟ ಮಾಡಿ ತೂಕಡಿಸುತ್ತಿದ್ದ ನಾನು ಎದ್ದು ಕುಳಿತೆ. ಮೂರು! ಯಾವುದಕ್ಕೆ ಹೆದರಿ ಇಷ್ಟು ವರ್ಷ ಗೊಂಬೆ ಕೂರಿಸುತ್ತಿದ್ದೆನೋ ಅದರಲ್ಲೇ ನನ್ನ ಶೈಲಿ ಅಡಗಿತ್ತು. ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ಕಲಾವಿದನಿಗೆ ತಕ್ಕಂತೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದೆ. ಇಳಿಯುವ ನಿಲ್ದಾಣ ದಾಟಿಹೋಯಿತು.

ಮರುದಿನವೇ ಸುಧಾರಣೆ ಆರಂಭವಾಯಿತು. ಗೋಡೆಗೆ ನೇತುಹಾಕಿದ್ದ ಜಲಪಾತದ ಪರದೆಯನ್ನು ಕಿತ್ತು ಸುತ್ತಿ ಅಟ್ಟಕ್ಕೆ ಹಾಕಿದೆ. ಗೋಡೆಗೆ ಬೂದಿ ಬಣ್ಣ ಬಳಿದೆ. ಸ್ಟುಡಿಯೊದ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ನನ್ನ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಇದು? ಜಲಪಾತ ಎಲ್ಲಿ ಹೋಯ್ತು?"

"ಅದು ಸುಳ್ಳು ಕಣೇ. ಇನ್ಮೇಲೆ ನಮ್ಮಲ್ಲಿ ಶೂನ್ಯ ಮಾತ್ರ."

"ಶೂನ್ಯ ಚೆನ್ನಾಗೇ ಬಂದಿದೆ. ಒಳಗೆ ಬಂದೋರು ಯಾರು ಹೋಗ್ಬಿಟ್ರು ಅಂತ ಕೇಳ್ತಾರೆ ಅಷ್ಟೆ" ಎಂದು ಹೇಳಿ ಹೊಲಿಗೆ ಯಂತ್ರದ ಮುಂದೆ ಹೋಗಿ ಕುಳಿತಳು.

ಗೊಂಬೆಯನ್ನು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಎದುರಿನ ಹೊಸ ಕಟ್ಟಡದ ಮೇಸ್ತ್ರಿ ಬಂದ. "ನಂಗೆ ಕೊಡಿ ಸಾರ್, ಬೇಕಾಗಿತ್ತು" ಎಂದ. ಅವನ ಮಗಳಿಗಿರಬೇಕು ಎಂದುಕೊಂಡು, ಉದಾರ ಮನಸ್ಸಿನಿಂದ ದಾನ ಮಾಡಿದೆ.

ನನ್ನ ಶೈಲಿಯ ಮೊದಲ ಫಲ ಉಂಡವರು ಒಬ್ಬ ಹೈಸ್ಕೂಲು ಮೇಷ್ಟ್ರು. ಯಾವುದೋ ಅರ್ಜಿಗೆ ಅಂಟಿಸಲು ಫೋಟೊ ಬೇಕಿತ್ತು. ಒಂದೇ ಕಡೆಯಿಂದ ಬೆಳಕು ಬಿಟ್ಟು, ಇನ್ನೊಂದು ಕಡೆ ಕತ್ತಲಾಗಿಸಿ, ಬಹಳ ಶ್ರದ್ಧೆಯಿಂದ ತೆಗೆದೆ. ಎರಡು ದಿನ ಬಿಟ್ಟು ಬಂದರು.

"ರಂಗಣ್ಣ, ಆಫೀಸಲ್ಲಿ ಇನ್ನರ್ಧ ಮುಖ ಎಲ್ಲಿ ಅಂತ ಕೇಳ್ತಾವ್ರೆ."

"ಅದನ್ನ ನೋಡೋರ ಕಲ್ಪನೆಗೆ ಬಿಟ್ಟಿದ್ದೀನಿ ಮೇಷ್ಟ್ರೇ."

ಮೇಷ್ಟ್ರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಮೆಟ್ಟಿಲಿಳಿದು ಮುಂದಿನ ರಸ್ತೆಯ ಸ್ಟುಡಿಯೊಗೆ ಹೋದರು. ನನಗೆ ಬೇಸರವಾಗಲಿಲ್ಲ. ಕಲಾವಿದನನ್ನು ಜನ ಮೊದಮೊದಲು ಅರ್ಥ ಮಾಡಿಕೊಳ್ಳುವುದಿಲ್ಲ ಎಂದು ಗುರುಗಳು ಮುಂಚೆಯೇ ಎಚ್ಚರಿಸಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ತಾಲ್ಲೂಕಿನ ಮಧುರೆ ಹಳ್ಳಿಯಿಂದ ಮೂವರು ಅಕ್ಕತಂಗಿಯರು ಬಂದರು. ದೊಡ್ಡವರು ಗಂಗಮ್ಮ, ಎತ್ತರದ ಆಳು, ದನಿಯೂ ಎತ್ತರ. ಎರಡನೆಯವರು ಲಕ್ಷ್ಮಮ್ಮ. ಚಿಕ್ಕವರು ಜಯಮ್ಮ, ಸಣಕಲು ಮೈ, ಮೆಟ್ಟಿಲು ಹತ್ತಿ ಬಂದವರು ಮಾತಾಡದೆ ಸರೋಜಳ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಮೂವರೂ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದರು. ಮೂವರು!

"ಮೂರು ಜನದ್ದೂ ಒಟ್ಗೆ ಒಂದು ಫೋಟೊ ಬೇಕು ಕಣಪ್ಪ" ಎಂದರು ಗಂಗಮ್ಮ. "ನಮ್ಮವ್ವ ಇದ್ದಾಗ ನಾಲ್ಕು ಜನ ಆಯ್ತಿದ್ವಿ. ಹೋದ ವರ್ಷ ಅವ್ವ ಹೋಯ್ತು. ನಿಮ್ಮತ್ರ ಗೊಂಬೆ ಐತಂತಲ್ಲ, ಅದಕ್ಕೇ ಬಸ್ಸು ಹತ್ಕಂಡು ಇಲ್ಲಿಗೇ ಬಂದ್ವಿ."

"ಗೊಂಬೆ ಇಲ್ಲಮ್ಮ. ಅದನ್ನೆಲ್ಲ ಬಿಟ್ಬಿಟ್ಟಿದ್ದೀನಿ. ಈಗ ತ್ರಿಕೋನ."

"ತ್ರಿಕೋನ ಎತ್ಕಳಕ್ಕೆ ಎಷ್ಟು ತೂಕ ಐತೆ?" ಎಂದರು ಲಕ್ಷ್ಮಮ್ಮ. ಗೊಂಬೆಗೆ ಬದಲು ತಂದ ಸಾಮಾನು ಎಂದುಕೊಂಡಿರಬೇಕು.

ನಾನು ತ್ರಿಕೋನವನ್ನು ವಿವರಿಸಿದೆ. ಅವರು ಮೂವರೂ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಕೇಳಿದ ಮೇಲೆ ಗಂಗಮ್ಮ, "ಸರಿ ಬಿಡಪ್ಪ. ಹಂಗಾದ್ರೆ ನಾಲ್ಕನೇದಕ್ಕೆ ಏನಿಕ್ತೀಯ?" ಎಂದರು. ಮೇಜಿನ ಮೇಲಿದ್ದ ಗಣಪತಿಯನ್ನು ಎತ್ತಿಕೊಳ್ಳೋಣವೇ ಎಂದು ಕೇಳಿದರು. ಚಿತ್ರದಲ್ಲಿ ಅಡ್ಡ ಬರುತ್ತದೆ ಎಂದೆ. ಕೆಳಗೆ ನಿಂತಿದ್ದ ಆಟೋದವನನ್ನು ಕರೆಯೋಣವೇ ಎಂದರು. ಖಾಕಿ ಬಣ್ಣ ಹೊಂದುವುದಿಲ್ಲ ಎಂದೆ. ಅಷ್ಟರಲ್ಲಿ ಸರೋಜ ಎದ್ದು ಬಂದಳು.

"ನಾನ್ ನಿಂತ್ಕೋತೀನಿ ಬಿಡ್ರೀ. ಪಾಪ, ಅಷ್ಟು ದೂರದಿಂದ ಬಂದವ್ರೆ."

"ನಿನ್ನ ನೈಟಿ ಹಸಿರು ಕಣೇ. ನನ್ನ ಬೂದಿ ಬಣ್ಣ ಕೆಟ್ಟುಹೋಗುತ್ತೆ."

ಸರೋಜ ಹೋಗಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದಳು. ಅವಳು ಹಾಗೆ ತುಳಿದರೆ ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಮದುವೆಯಾಗಿ ಇಷ್ಟು ವರ್ಷವಾದ ನನಗೆ ತಿಳಿದಿರಬೇಕಿತ್ತು.

ಮೂವರನ್ನೂ ಒಳಗೆ ಕರೆದುಕೊಂಡು ಹೋದೆ. ನಡುವೆ ಎತ್ತರದ ಸ್ಟೂಲು, ಎರಡು ಪಕ್ಕದಲ್ಲಿ ಕುಳ್ಳ ಸ್ಟೂಲು. ಜಯಮ್ಮನ ಬಿಳಿಚಿದ ಮುಖ, ಗುಳಿಬಿದ್ದ ಕಣ್ಣು ನೋಡಿ ನನ್ನೊಳಗಿನ ಕಲಾವಿದ ಕುಣಿದಾಡಿದ. ಎಂಥ ಮುಖ! ಬೆಳಕಿಗಾಗಿಯೇ ಹುಟ್ಟಿದ ಮುಖ! "ನೀವು ನಡುವೆ ಬನ್ನಿ ಜಯಮ್ಮ" ಎಂದೆ.

"ಅಯ್ಯಯ್ಯೋ, ಅವಳು ಬ್ಯಾಡ!" ಎಂದು ಅಕ್ಕಂದಿರಿಬ್ಬರೂ ಒಟ್ಟಿಗೆ ಕೂಗಿಕೊಂಡರು. ಗಂಗಮ್ಮ ತಂಗಿಯನ್ನು ಪಕ್ಕಕ್ಕೆ ಸರಿಸಿ ತಾವೇ ಎತ್ತರದ ಸ್ಟೂಲು ಹತ್ತಿ ಕುಳಿತರು. "ನಾನು ದೊಡ್ಡೋಳು. ನಾನೇ ಕೂರ್ಬೇಕು."

"ನೀನ್ ಇಳಿಯಕ್ಕ" ಎಂದರು ಲಕ್ಷ್ಮಮ್ಮ. "ನಿನಗೆ ಮೊಮ್ಮಕ್ಕಳವೆ. ಹಿಂದಿಲ್ಲ ಮುಂದಿಲ್ಲ ಅನ್ನೋಳು ನಾನು, ನಾನ್ ಕೂತ್ಕತೀನಿ."

ಮೊಮ್ಮಕ್ಕಳಿಗೂ ಸ್ಟೂಲಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಮಕ್ಕಳಿಲ್ಲದವರಿಗೆ ಗೌರವದ ಜಾಗ ಬಿಟ್ಟುಕೊಡುವುದು ಅವರ ಮನೆಯ ಪದ್ಧತಿ ಇರಬಹುದು ಎಂದುಕೊಂಡೆ. ಅಷ್ಟರಲ್ಲಿ ಜಯಮ್ಮ ಮೆಲ್ಲಗೆ, "ನೀವಿಬ್ರೂ ಪಕ್ಕಕ್ಕೆ ಹೋಗ್ರಿ. ಅಣ್ಣ ಹೇಳ್ದಂಗೆ ನಾನೇ ಕೂತ್ಕತೀನಿ. ನಂಗೇನು ಹೊಸದಾಗಿ ಆಗ್ಬೇಕಾಗಿಲ್ಲ" ಎಂದರು.

ನಾನು ಕ್ಯಾಮೆರಾದ ಹಿಂದೆ ಹೋದೆ. ಕಣ್ಣಿಟ್ಟು ನೋಡಿದರೆ ನಡುವೆ ಲಕ್ಷ್ಮಮ್ಮ! ಬೆಳಕನ್ನು ಅವರಿಗೆ ಹೊಂದಿಸಿ ಮತ್ತೆ ಕಣ್ಣಿಟ್ಟರೆ ಗಂಗಮ್ಮ! ಗಂಗಮ್ಮನ ಎತ್ತರಕ್ಕೆ ಕ್ಯಾಮೆರಾ ಏರಿಸಿದೆ. ನೋಡಿದರೆ ಜಯಮ್ಮನ ಮಲ್ಲಿಗೆ ಮಾತ್ರ ಕಾಣುತ್ತಿತ್ತು. ನಾನು ಹಿಂದೆ ಹೋದ ಕೂಡಲೇ ಒಬ್ಬರನ್ನೊಬ್ಬರು ಎಳೆದು, ತಳ್ಳಿ, ಜಾಗ ಬದಲಾಯಿಸುತ್ತಿದ್ದರು. ನಾನು ಮುಂದೆ ಬಂದ ಕೂಡಲೇ ಮೂವರೂ ಕೈಕಟ್ಟಿ ಕೂರುತ್ತಿದ್ದರು.

ಕೊನೆಗೆ ನಾನು ಅವರ ಮುಂದೆ ನಿಂತು ಒಂದು ಸಣ್ಣ ಭಾಷಣ ಮಾಡಿದೆ. "ತಾಯಂದಿರೇ, ಕಲೆಯಲ್ಲಿ ಮೇಲು ಕೀಳು ಇಲ್ಲ. ನಡುವೆ ಕೂತವರು ದೊಡ್ಡವರೂ ಅಲ್ಲ, ಪಕ್ಕದಲ್ಲಿ ಕೂತವರು ಸಣ್ಣವರೂ ಅಲ್ಲ. ಇಷ್ಟು ವಯಸ್ಸಾದಮೇಲೂ ಒಂದು ಸ್ಟೂಲಿಗೆ ಕಿತ್ತಾಡೋದಾ? ಸ್ವಾರ್ಥ ಬಿಡಬೇಕು" ಎಂದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮಾತು ನಾಟಿತು ಎಂದು ಹೆಮ್ಮೆಯಿಂದ ಕ್ಯಾಮೆರಾದತ್ತ ತಿರುಗಿದೆ. ಬೆನ್ನು ತಿರುಗಿಸಿದ್ದೇ ತಡ, ಮೂವರೂ ಒಟ್ಟಿಗೆ ನಡುವಿನ ಸ್ಟೂಲಿಗೆ ನುಗ್ಗಿದರು!

ಅಪ್ಪನ ಕಾಲದ ಸ್ಟೂಲು. ಅದಕ್ಕೂ ಒಂದು ಮಿತಿ ಇತ್ತು. ಒಂದು ಕಾಲು ಲಟಕ್ಕೆಂದು ಮುರಿಯಿತು. ಗಂಗಮ್ಮ ಗೋಡೆ ಹಿಡಿದು ನಿಂತರು, ಲಕ್ಷ್ಮಮ್ಮ ಗಂಗಮ್ಮನನ್ನು ಹಿಡಿದು ನಿಂತರು. ಜಯಮ್ಮ ಮಾತ್ರ ನೆಲದ ಮೇಲೆ ಕೂತುಬಿಟ್ಟರು. ಬಿದ್ದದ್ದಲ್ಲ, ನಿಲ್ಲಲಾಗದೆ ಕೂತದ್ದು. ಎದೆ ಮೇಲೆ ಕೈ ಇಟ್ಟುಕೊಂಡು ಬಾಯಿಂದ ಉಸಿರು ಎಳೆಯುತ್ತಿದ್ದರು. ತುಟಿಯ ಬಣ್ಣ ಹೋಗಿತ್ತು. ಅಕ್ಕಂದಿರಿಬ್ಬರೂ ಅವರ ಬೆನ್ನು ಸವರುತ್ತಾ ಕುಳಿತರು.

ಸದ್ದು ಕೇಳಿ ಸರೋಜ ನೀರು ತಂದಳು. ಕುಡಿಸಿದಳು. ಉಸಿರು ಒಂದು ಹದಕ್ಕೆ ಬಂದಮೇಲೆ ನನ್ನ ತೋಳು ಹಿಡಿದು ಬಾಗಿಲ ಆಚೆ ಎಳೆದುಕೊಂಡು ಹೋದಳು.

"ಏನ್ ಭಾಷಣ ಮಾಡಿದ್ರಿ ಅವರಿಗೆ? ಸ್ವಾರ್ಥ ಅಂದ್ರಾ?"

"ಮತ್ತೇನು? ನಡುವಿನ ಜಾಗಕ್ಕೆ ಹಂಗೆ ಕಿತ್ತಾಡ್ತಾರಲ್ಲ..."

"ರೀ, ಮೂರು ಜನ ಕೂತ್ರೆ ನಡುವೆ ಕೂತೋರಿಗೆ ಕೇಡು ಅಂತಾರೆ. ಅಷ್ಟೂ ಗೊತ್ತಿಲ್ವಾ ನಿಮಗೆ? ಆ ಜಯಮ್ಮಂಗೆ ಬರೋ ವಾರ ಹಾರ್ಟ್ ಆಪರೇಷನ್ ಅಂತೆ. ನೀರು ಕುಡಿಸೋವಾಗ ಗಂಗಮ್ಮ ನನ್ನ ಕಿವೀಲಿ ಹೇಳ್ಕೊಂಡು ಅತ್ರು. ಆಸ್ಪತ್ರೆಗೆ ಹೋಗೋಕೆ ಮುಂಚೆ ಮೂರೂ ಜನ ಇರೋ ಫೋಟೊ ಒಂದಿರ್ಲಿ ಅಂತ ಬಂದವ್ರೆ. ಅವರು ಜಾಗ ಬೇಕು ಅಂತ ಕಿತ್ತಾಡ್ತಿಲ್ಲ. ಕೇಡು ಬರೋದಾದ್ರೆ ನಂಗೇ ಬರ್ಲಿ, ನಿಂಗೆ ಬ್ಯಾಡ ಅಂತ ಕಿತ್ತಾಡ್ತಾವ್ರೆ."

ಇಷ್ಟು ವರ್ಷ ಬಂದವರ ಕೈಗೆ ಗೊಂಬೆ ಕೊಟ್ಟವನು, ಅದು ಯಾರನ್ನು ಕಾಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಬಿಳಿಚಿದ ಮುಖ ನೋಡಿ ಬೆಳಕಿಗಾಗಿಯೇ ಹುಟ್ಟಿದ್ದು ಎಂದುಕೊಂಡಿದ್ದೆ. ನಾಚಿಕೆಯಿಂದ ತಲೆ ತಗ್ಗಿತು. ಈ ನಂಬಿಕೆ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ಅಂಥ ಪ್ರೀತಿಯನ್ನು ಎದುರಿಗಿಟ್ಟುಕೊಂಡು ನಾನು ತ್ರಿಕೋನ ಅಳೆಯುತ್ತಿದ್ದೆ.

"ಗೊಂಬೆ ತರ್ತೀನಿ!" ಎಂದು ಕಿಟಕಿಗೆ ಓಡಿದೆ. ಮೇಸ್ತ್ರಿಯನ್ನು ಕೂಗಬೇಕೆಂದು ತಲೆ ಹೊರಗೆ ಹಾಕಿದರೆ ಗೊಂಬೆಯೇ ಕಾಣಿಸಿತು. ಎದುರಿನ ಕಟ್ಟಡದ ಮೂರನೇ ಮಹಡಿಯಿಂದ ಹಗ್ಗದಲ್ಲಿ ನೇತಾಡುತ್ತಿತ್ತು. ಮುಖಕ್ಕೆ ಮಸಿ ಮೀಸೆ ಬರೆದಿದ್ದರು, ಕೆಂಪು ನಾಲಗೆ ಅಂಟಿಸಿದ್ದರು, ಕುತ್ತಿಗೆಗೆ ನಿಂಬೆಹಣ್ಣು ಮೆಣಸಿನಕಾಯಿ. ಮೇಸ್ತ್ರಿಗೆ ಬೇಕಾಗಿದ್ದದ್ದು ದೃಷ್ಟಿಗೊಂಬೆ!

"ಇಳಿಸ್ಕೊಂಡು ಬರ್ತೀನಿ ತಾಳಿ" ಎಂದೆ.

ಗಂಗಮ್ಮ ಕಿಟಕಿಗೆ ಬಂದು ನೋಡಿ ಗಾಬರಿಯಾದರು. "ಬ್ಯಾಡ ಕಣಪ್ಪ! ದೃಷ್ಟಿಗೆ ಕಟ್ಟಿರೋದನ್ನ ಇಳಿಸಿದ್ರೆ ಆ ಮನೆಯೋರಿಗೆ ಆಗ್ಬರಲ್ಲ. ನಮಗೆ ಒಳ್ಳೇದಾಗ್ಲಿ ಅಂತ ಇನ್ನೊಬ್ಬರ ಮನೆಗೆ ಕೇಡು ಮಾಡಾನಾ?"

ನಾನು ಸರೋಜಳ ಕಡೆ ತಿರುಗಿದೆ. "ನೀನೇ ನಿಂತ್ಕೊಂಡ್ಬಿಡೇ."

"ನನ್ನ ನೈಟಿ ಹಸಿರಲ್ವಾ?" ಎಂದಳು ಸರೋಜ. ಬಹಳ ಶಾಂತವಾಗಿ ಹೇಳಿದಳು. "ನಿಮ್ಮ ಶರ್ಟು ಬೂದಿ ಬಣ್ಣ. ಗೋಡೆಗೆ ಸರಿಯಾಗಿ ಹೊಂದ್ತದೆ. ಹೋಗಿ ನೀವೇ ಕೂತ್ಕೊಳ್ಳಿ."

"ನಾನು ಫೋಟೊ ತೆಗೆಯೋನು ಕಣೇ!"

"ಗುಂಡಿ ಒತ್ತೋದು ತಾನೆ? ನಾನ್ ಒತ್ತೀನಿ."

ಬೇರೆ ದಾರಿ ಇರಲಿಲ್ಲ. ಸ್ಟೂಲು ಮುರಿದಿದ್ದರಿಂದ ಹೊರಗಿನ ಕೋಣೆಯ ಬೆಂಚು ತಂದು ಹಾಕಿದೆವು. ಗಂಗಮ್ಮ, ಜಯಮ್ಮ, ಲಕ್ಷ್ಮಮ್ಮ ಸಾಲಾಗಿ ಕುಳಿತರು. ಕೊನೆಯಲ್ಲಿ ನನಗೆ ಒಂದು ಗೇಣು ಜಾಗ ಬಿಟ್ಟರು. ನಾಲ್ಕು ಜನ ಕೂತರೆ ನಡುವೆ ಯಾರೂ ಇರುವುದಿಲ್ಲ. ಎಣಿಸಿ ನೋಡಿ ಬೇಕಾದರೆ. ಇದು ಎಷ್ಟು ಒಳ್ಳೆಯ ಏರ್ಪಾಡು ಎಂದು ನನಗೆ ಅವತ್ತೇ ಗೊತ್ತಾದದ್ದು.

ಕಲಾವಿದನ ಚಪಲ ಅಷ್ಟಕ್ಕೇ ಹೋಗುತ್ತದೆಯೇ? ಬೆಂಚಿನ ಕಡೆ ನಡೆಯುತ್ತಲೇ ಹಿಂದೆ ತಿರುಗಿ, "ಸರೋಜ, ಬೆಳಕು ಎಡದಿಂದ ಬರ್ಬೇಕು, ಸುತ್ತ ಜಾಗ ಖಾಲಿ ಬಿಡು, ನಾನು ಹೇಳೋವರೆಗೂ ಒತ್ಬೇಡ..." ಎನ್ನುತ್ತಿದ್ದೆ. ಲೈಟಿನ ವೈರು ಕಾಲಿಗೆ ಸುತ್ತಿಕೊಂಡಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆಲ ಹತ್ತಿರ ಬಂದದ್ದು ನೆನಪಿದೆ. ಜಯಮ್ಮ ಕಿಲಕಿಲ ನಕ್ಕದ್ದು ಕೇಳಿಸಿತು. ಕ್ಲಿಕ್ ಎಂದದ್ದೂ ಕೇಳಿಸಿತು.

ಎದ್ದು ಬಂದು ಕ್ಯಾಮೆರಾದಲ್ಲಿ ನೋಡಿದೆ. ತ್ರಿಕೋನ ಇರಲಿಲ್ಲ. ಶೂನ್ಯವೂ ಇರಲಿಲ್ಲ. ಜಯಮ್ಮ ನಗು ತಡೆಯಲಾಗದೆ ಗಂಗಮ್ಮನ ಹೆಗಲ ಮೇಲೆ ಬಿದ್ದಿದ್ದರು. ಗಂಗಮ್ಮ ತಂಗಿ ನಗುವುದನ್ನೇ ನೋಡುತ್ತಾ ತಾವೂ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಲಕ್ಷ್ಮಮ್ಮ ಇಬ್ಬರನ್ನೂ ತಬ್ಬಿಕೊಂಡಿದ್ದರು. ಮೂಲೆಯಲ್ಲಿ ನಾನು, ಬಾಯಿ ತೆರೆದು, ಒಂದು ಕೈ ಗಾಳಿಯಲ್ಲಿ ಚಾಚಿ, ಒಂದು ಕಣ್ಣು ಅರ್ಧ ಮುಚ್ಚಿಕೊಂಡು ನೆಲದ ಕಡೆ ಪ್ರಯಾಣದಲ್ಲಿದ್ದೆ.

"ಇನ್ನೊಂದು ತೆಗೆಯೋಣಮ್ಮ. ಇದು ಕೆಟ್ಟುಹೋಯ್ತು" ಎಂದೆ.

"ಬ್ಯಾಡ ಅಣ್ಣ" ಎಂದರು ಜಯಮ್ಮ. "ಹಿಂಗೆ ನಕ್ಕು ಎಷ್ಟು ತಿಂಗಳಾಗಿತ್ತೋ. ಇದೇ ಇರ್ಲಿ."

ಆ ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ನನ್ನನ್ನು ಅಳಿಸಿಬಿಡೋಣ ಎಂದುಕೊಂಡೆ. ಎರಡು ನಿಮಿಷದ ಕೆಲಸ. ನನ್ನ ಸುತ್ತ ಗೆರೆ ಎಳೆದೂ ಆಗಿತ್ತು. ಆಗ ಕಣ್ಣಿಗೆ ಬಿತ್ತು: ನನ್ನನ್ನು ತೆಗೆದರೆ ಉಳಿಯುವುದು ಮೂವರು. ನಡುವೆ ಉಳಿಯುವವರು ಜಯಮ್ಮ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕೈ ಮುಂದೆ ಹೋಗಲಿಲ್ಲ. ಬೀಳುತ್ತಿರುವ ನನ್ನನ್ನು ಹಾಗೇ ಬಿಟ್ಟು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ಮಧುರೆಗೆ ಕಳಿಸಿದೆ.

ಶಿಬಿರದ ಗುರುಗಳಿಗೂ ಒಂದು ಪ್ರತಿ ಮೊಬೈಲಿನಲ್ಲಿ ಕಳಿಸಿದ್ದೆ, ಕ್ಷಮೆ ಕೇಳುವ ಧಾಟಿಯಲ್ಲಿ. ಕೂಡಲೇ ಉತ್ತರ ಬಂತು: "ಅದ್ಭುತ! ಕೊನೆಗೂ ಒಂದು ಸ್ವಂತ ಶೈಲಿ ಕಾಣುತ್ತಿದೆ. ಯಾವ ಕ್ಷಣದಲ್ಲಿ ಒತ್ತಬೇಕೆಂದು ಹೇಗೆ ಗೊತ್ತಾಯಿತು?" ಅದನ್ನು ಸರೋಜಳಿಗೆ ಓದಿ ಹೇಳಿ, ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನೀವು ಒತ್ಬೇಡ ಅಂದ್ರಲ್ಲ, ಅವಾಗ ಒತ್ತಿದೆ" ಎಂದಳು, ದಾರ ಹಲ್ಲಿನಲ್ಲಿ ಕತ್ತರಿಸುತ್ತಾ.

ಆಪರೇಷನ್ ದಿನ ನಾನು ಸ್ಟುಡಿಯೊದಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಫೋನು ಬಡಿದಾಗಲೆಲ್ಲ ಓಡಿಬರುತ್ತಿದ್ದೆ. ಸಂಜೆ ಸರೋಜಳಿಗೆ ಲಕ್ಷ್ಮಮ್ಮ ಫೋನು ಮಾಡಿದರು. ಎಲ್ಲ ಸರಿಯಾಯಿತು, ಜಯಮ್ಮ ಕಣ್ಣು ಬಿಟ್ಟರು ಎಂದರು. ಸರೋಜ ಫೋನಿಟ್ಟು ಕಣ್ಣೊರೆಸಿಕೊಂಡಳು. ನಾನು ಅಪ್ಪ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಕೆಲವು ತಿಂಗಳಾದ ಮೇಲೆ ಮಧುರೆಯಲ್ಲಿ ಹರಕೆ ತೀರಿಸಿ ಊಟ ಇಟ್ಟುಕೊಂಡಿದ್ದರು. ನಮ್ಮಿಬ್ಬರನ್ನೂ ಕರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೋದೆ. ಜಯಮ್ಮ ಮೈಕೈ ತುಂಬಿಕೊಂಡು ಓಡಾಡುತ್ತಾ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದರು. ನಡುಮನೆಯ ಗೋಡೆಯ ಮೇಲೆ, ಅವರ ಅವ್ವನ ಫೋಟೊದ ಪಕ್ಕದಲ್ಲೇ, ನಾನು ಬೀಳುತ್ತಿದ್ದೆ.

ಬಂದಿದ್ದ ನೆಂಟರೊಬ್ಬರು ಅದರ ಮುಂದೆ ನಿಂತು, "ಇದ್ಯಾರು ಗಂಗಕ್ಕ, ಮೂಲೇಲಿ ಬೀಳ್ತಾ ಇರೋದು? ಭಾವನೋರ ಕಡೆಯೋರಾ?" ಎಂದರು.

"ಅಯ್ಯೋ, ಅದು ಯಾರೂ ಅಲ್ಲ ಕಣೆ" ಎಂದರು ಗಂಗಮ್ಮ. "ಲೆಕ್ಕಕ್ಕೆ."

ನಾನು ಅದೇ ಫೋಟೊದ ಕೆಳಗೆ, ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಗಂಗಮ್ಮನ ಮೂವರು ಮೊಮ್ಮಕ್ಕಳು ಒಟ್ಟಿಗೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಲು ಹೊರಟರು. ಲಕ್ಷ್ಮಮ್ಮ ಅಲ್ಲಿಂದಲೇ ಜೋರಾಗಿ ಕೂಗಿದರು: "ಫೋಟೊ ರಂಗಣ್ಣ! ಬೇಗ ಬಾರಪ್ಪ, ಇಲ್ಲಿ ಮೂರು ಜನ ಆಗ್ಬಿಟ್ಟವ್ರೆ!"

ನಾನು ತಟ್ಟೆ ಇಟ್ಟು, ಚೀಲ ಬಿಚ್ಚಿ, ಕ್ಯಾಮೆರಾ ಹೊರತೆಗೆದೆ. ಲೆನ್ಸ್ ಒರೆಸಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಲೆಯೆತ್ತಿ ನೋಡುತ್ತಾ ಅಂಗಳಕ್ಕಿಳಿದೆ.

"ಅದೆಲ್ಲ ಅಲ್ಲೇ ಇಟ್ಬಿಟ್ಟ್ ಬಾ" ಎಂದರು ಲಕ್ಷ್ಮಮ್ಮ. "ನೀನು ಸುಮ್ಕೆ ಪಕ್ಕದಲ್ಲಿ ನಿಂತ್ಕೋ, ಸಾಕು."

ಕ್ಯಾಮೆರಾವನ್ನು ಸರೋಜಳ ಕೈಗೆ ಕೊಟ್ಟು, ಹೋಗಿ ನಿಂತೆ.